ಬೆಂಗಳೂರಿನ ಗಾಳಿ ಸುರಂಗಗಳು ಮತ್ತು ಬಾಹ್ಯಾಕಾಶ ವಾಹನಗಳ ಸ್ಥಿರತೆಯ ಪರೀಕ್ಷೆ: ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ಆಧುನಿಕ ವಿಜ್ಞಾನ ಚರಿತ್ರೆಯಲ್ಲಿ ಬಾಹ್ಯಾಕಾಶ ಸಂಶೋಧನೆಯ ಅಧ್ಯಾಯವನ್ನು 1970ರ ದಶಕದಿಂದ ಆರಂಭಿಸುವುದು ವಾಡಿಕೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಷೆಡ್ಡುಗಳಲ್ಲಿ ಸಿದ್ಧಗೊಂಡ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಕಕ್ಷೆ ಸೇರಿದ ಘಟನೆಯೇ ಅದರ ಮೊದಲ ಪುಟ. ಉಪಗ್ರಹ ಬೆಂಗಳೂರಿನದು, ರಾಕೆಟ್ಟು ತಿರುವನಂತಪುರದ್ದು, ಉಡಾವಣೆ ಶ್ರೀಹರಿಕೋಟದ್ದು ಎಂಬ ಸರಳ ವಿಭಜನೆಯೂ ಇದರೊಡನೆ ಬೆಳೆದು ಬಂದಿದೆ. ಈ ಗ್ರಹಿಕೆ ತಪ್ಪೆನ್ನಲಾಗದು, ಆದರೆ ಅಪೂರ್ಣ. ಭಾರತದ ಉಡಾವಣಾ ವಾಹನಗಳು ನೆಲ ಬಿಡುವ ಮುನ್ನ ಅವುಗಳ ಕಿರುಮಾದರಿಗಳು ಬೆಂಗಳೂರಿನ ಗಾಳಿ ಸುರಂಗಗಳಲ್ಲಿ ಗಾಳಿಗೆ ಎದೆಯೊಡ್ಡಿ ನಿಂತಿದ್ದವು. ಆ ಸುರಂಗಗಳ ಪರಂಪರೆ ಆರ್ಯಭಟಕ್ಕಿಂತ ಮೂರು ದಶಕ ಹಿಂದಿನದು. ಈ ಪರಂಪರೆಯ ಘಟ್ಟಗಳನ್ನು ಗುರುತಿಸುವುದೂ, ಅದರ ಮಹತ್ವ ಯಶಸ್ವೀ ಉಡಾವಣೆಗಳಿಗಿಂತ ಹೆಚ್ಚಾಗಿ ಒಂದು ವೈಫಲ್ಯದಲ್ಲಿ ಹೇಗೆ ಸ್ಪಷ್ಟವಾಗುತ್ತದೆ ಎಂಬುದನ್ನು ಪರಿಶೀಲಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

ವಿಷಯ ತಾಂತ್ರಿಕವಾದುದರಿಂದ ಮೊದಲಿಗೆ ಎರಡು ಮಾತುಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಇವೆರಡಕ್ಕೂ ಈ ಲೇಖಕನಿಗೆ ನೆನಪಾಗುವುದು ಹನೂರು ಸೀಮೆಯ ಅಜ್ಜೀಪುರದ ಕಡೆ ಬಾಲ್ಯದಲ್ಲಿ ಕಂಡ ದೃಶ್ಯಗಳು. ಆಷಾಢದ ಗಾಳಿಗೆ ಹಾರಿಸುವ ಪಟಕ್ಕೆ ಬಾಲಂಗೋಚಿ ಇಲ್ಲದಿದ್ದರೆ ಅದು ಗಿರಕಿ ಹೊಡೆದು ನೆಲಕ್ಕೆ ಬೀಳುತ್ತದೆ. ಬಾಲಂಗೋಚಿ ಕಟ್ಟಿದೊಡನೆ ಗಾಳಿಯ ಎಳೆತ ಹಿಂಬದಿಗೆ ಸರಿದು, ಪಟ ವಾಲಿದರೂ ಮತ್ತೆ ನೇರವಾಗುತ್ತದೆ. ಬಾಣದ ಹಿಂತುದಿಗೆ ಗರಿ ಕಟ್ಟುವುದರ ಹಿಂದಿರುವುದೂ ಇದೇ ತತ್ತ್ವ. ರಾಕೆಟ್ಟಿನ ಭಾರವೆಲ್ಲ ಒಂದೆಡೆ ಸೇರಿದಂತೆ ಭಾವಿಸುವ ಬಿಂದು ಗುರುತ್ವ ಕೇಂದ್ರ. ಗಾಳಿಯ ಒತ್ತಡವೆಲ್ಲ ಒಂದೆಡೆ ಕೂಡಿದಂತೆ ಭಾವಿಸುವ ಬಿಂದು ಒತ್ತಡ ಕೇಂದ್ರ. ಒತ್ತಡ ಕೇಂದ್ರವು ಗುರುತ್ವ ಕೇಂದ್ರಕ್ಕಿಂತ ಹಿಂದಿದ್ದರೆ ವಾಹನ ತಾನಾಗಿಯೇ ನೇರಗೊಳ್ಳುತ್ತದೆ. ಮುಂದಿದ್ದರೆ ಸ್ವಲ್ಪ ವಾಲಿದರೂ ಗಾಳಿ ಅದನ್ನು ಇನ್ನಷ್ಟು ವಾಲಿಸುತ್ತದೆ. ಆಗ ನಿಯಂತ್ರಣ ವ್ಯವಸ್ಥೆಯು ಕ್ಷಣಕ್ಷಣಕ್ಕೂ ತಿದ್ದುತ್ತಿರಬೇಕಾಗುತ್ತದೆ.

ಎರಡನೆಯದು ರಾಗಿ ಕಣದ ದೃಶ್ಯ. ಮೊರದಿಂದ ತೂರಿದಾಗ ಕಾಳು ಕಾಲಬುಡದಲ್ಲೇ ಬೀಳುತ್ತದೆ, ಹೊಟ್ಟು ಗಾಳಿಯೊಡನೆ ದೂರ ಹೋಗುತ್ತದೆ. ಬೀಸುವ ಗಾಳಿ ಒಂದೇ. ವ್ಯತ್ಯಾಸವಿರುವುದು ತೂಕಕ್ಕೂ ಗಾಳಿಯ ತಡೆಗೂ ಇರುವ ಪ್ರಮಾಣದಲ್ಲಿ. ಕಕ್ಷೆಯಿಂದ ಭೂಮಿಗೆ ಮರಳುವ ನೌಕೆಯ ವಿನ್ಯಾಸಕಾರನು ಎದುರಿಸುವ ಪ್ರಶ್ನೆಯೂ ಇದೇ. ಮುಂದೆ ಆ ಪ್ರಸಂಗ ಬಂದಾಗ ಈ ಕಣಕ್ಕೆ ಮರಳಬಹುದು.

ಗಾಳಿ ಸುರಂಗದ ಕಲ್ಪನೆ ಸರಳವಾದುದು. ವಸ್ತು ನಿಂತ ಗಾಳಿಯಲ್ಲಿ ಚಲಿಸಿದರೂ, ನಿಂತ ವಸ್ತುವಿನ ಮೇಲೆ ಗಾಳಿ ಬೀಸಿದರೂ ಉಂಟಾಗುವ ಬಲ ಒಂದೇ. 1871ರಲ್ಲಿ ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ವೆನ್‌ಹ್ಯಾಮ್ ಮೊದಲ ಸುರಂಗವನ್ನು ನಿರ್ಮಿಸಿದನು. 1901ರಲ್ಲಿ ರೈಟ್ ಸಹೋದರರು ತಮ್ಮದೇ ಪುಟ್ಟ ಸುರಂಗದಲ್ಲಿ ರೆಕ್ಕೆಯ ಆಕಾರಗಳನ್ನು ಪರೀಕ್ಷಿಸಿದರು. ಜರ್ಮನಿಯ ಗಾಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಇದನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. ಬೆಂಗಳೂರಿನ ಕಥೆ ಆರಂಭವಾಗುವುದು ಇಲ್ಲಿಂದ.

ಬೆಂಗಳೂರೇ ಏಕೆ ಎಂಬ ಪ್ರಶ್ನೆಗೆ ಹವೆಯನ್ನು ಕಾರಣವಾಗಿ ಹೇಳುವವರುಂಟು. ಈ ಲೇಖಕನಿಗೆ ಅದಕ್ಕಿಂತ ವಿದ್ಯುತ್ತು ಮುಖ್ಯವಾಗಿ ತೋರುತ್ತದೆ. ಗಾಳಿ ಸುರಂಗವೆಂಬುದು ಮೂಲತಃ ವಿದ್ಯುತ್ತನ್ನು ಗಾಳಿಯಾಗಿ ಮಾರ್ಪಡಿಸುವ ಯಂತ್ರ. ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಹರಿಯಿತು. ಅದೇ ನದಿಯ ಇನ್ನೊಂದು ದಡದ ಕೊಳ್ಳೇಗಾಲ ತಾಲ್ಲೂಕು ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ಏಕೀಕರಣದವರೆಗೂ ಹಾಗೆಯೇ ಇದ್ದಿತು. ವಿದ್ಯುತ್ತು, ಮೈಸೂರು ಸಂಸ್ಥಾನ ನೀಡಿದ ನೆಲ, 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆ, ಇವು ಒಂದೆಡೆ ಕೂಡಿದ್ದರಿಂದಲೇ 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಸಂಸ್ಥಾನದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಇಲ್ಲಿ ಸ್ಥಾಪಿಸುವಂತಾಯಿತು. ಎರಡು ವರ್ಷಗಳ ತರುವಾಯ, 1942ರ ಡಿಸೆಂಬರಿನಲ್ಲಿ, ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು.

ಆ ವಿಭಾಗದ ಮೊದಲ ನೇತೃತ್ವ ವಹಿಸಿದ ವಿಷ್ಣು ಮಾಧವ ಘಾಟಗೆಯವರು ಗಾಟಿಂಗೆನ್‌ನಲ್ಲಿ ಪ್ರಾಂಟ್ಲರ ಶಿಷ್ಯರಾಗಿದ್ದವರು. ಯುದ್ಧಕಾಲದ ಕೊರತೆಗಳ ನಡುವೆಯೇ ಸಂಸ್ಥೆಯ ಮೊದಲ ಗಾಳಿ ಸುರಂಗ ರೂಪುಗೊಂಡಿತು. ಘಾಟಗೆಯವರು ಮುಂದೆ ವಿಮಾನ ಕಾರ್ಖಾನೆಗೆ ತೆರಳಿ, 1951ರಲ್ಲಿ ಹಾರಿದ ಎಚ್.ಟಿ.-2 ತರಬೇತಿ ವಿಮಾನದ ವಿನ್ಯಾಸಕ್ಕೆ ಕಾರಣರಾದರು. ಸ್ವಾತಂತ್ರ್ಯಾನಂತರ ವಿಭಾಗಕ್ಕೆ ಬಂದ ಆಸ್ಕರ್ ಟೀಟ್ಯೆನ್ಸ್ ಕೂಡ ಪ್ರಾಂಟ್ಲರ ವಲಯದವರೇ; ಗುರುಗಳ ಉಪನ್ಯಾಸಗಳನ್ನು ಗ್ರಂಥರೂಪಕ್ಕೆ ತಂದ ಖ್ಯಾತಿ ಅವರದು. 1950ರ ದಶಕದಲ್ಲಿ ನಿರ್ಮಾಣವಾದ 14 ಅಡಿ ಅಗಲ, 9 ಅಡಿ ಎತ್ತರದ ಪರೀಕ್ಷಾ ಕೊಠಡಿಯುಳ್ಳ ತೆರೆದ ಸುರಂಗವು ಇಂದಿಗೂ ಸಂಸ್ಥೆಯ ಆವರಣದಲ್ಲಿದೆ. ವಿಮಾನಗಳ ಮಾದರಿಗಳಲ್ಲದೆ ಎತ್ತರದ ಕಟ್ಟಡ, ಗೋಪುರಗಳ ಮಾದರಿಗಳೂ ಅದರಲ್ಲಿ ಪರೀಕ್ಷೆಗೊಳಗಾಗಿವೆ.

ಇವೆಲ್ಲ ಶಬ್ದಕ್ಕಿಂತ ಬಹಳ ಕಡಿಮೆ ವೇಗದ ಸುರಂಗಗಳು. ರಾಕೆಟ್ಟಿನ ದಾರಿ ಬೇರೆ. ಅದು ಒಂದು ನಿಮಿಷದೊಳಗೆ ಶಬ್ದದ ವೇಗವನ್ನು ದಾಟುತ್ತದೆ. ದಾಟುವಾಗ ಆಘಾತ ತರಂಗಗಳು ಅದರ ಮೈಮೇಲೆ ನೆಲೆ ಬದಲಿಸುತ್ತ ನಡುಗಿಸುತ್ತವೆ. ಈ ವಲಯವನ್ನು ಬೆಂಗಳೂರಿಗೆ ಪರಿಚಯಿಸಿದವರು ಸತೀಶ್ ಧವನ್. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಹ್ಯಾನ್ಸ್ ಲೀಪ್‌ಮನ್‌ರ ಮಾರ್ಗದರ್ಶನದಲ್ಲಿ ಸಂಶೋಧನೆ ಮುಗಿಸಿ 1951ರಲ್ಲಿ ಅವರು ವಿಜ್ಞಾನ ಸಂಸ್ಥೆಗೆ ಬಂದರು. ಅವರು ಕಟ್ಟಿದ ದೇಶದ ಮೊದಲ ಶಬ್ದಾತೀತ ಸುರಂಗದ ಪರೀಕ್ಷಾ ಕೊಠಡಿಯ ಅಳತೆ ಒಂದು ಅಂಗುಲಕ್ಕೆ ಮೂರು ಅಂಗುಲ, ಒಂದು ಬೆಂಕಿಪೊಟ್ಟಣ ಹಿಡಿಯುವಷ್ಟು. ಈ ಕಿರಿದಾದ ಕಿಂಡಿಯೇ ಮುಂದಿನ ಎಲ್ಲ ದೊಡ್ಡ ಸುರಂಗಗಳಿಗೆ ಪಾಠಶಾಲೆಯಾಯಿತೆಂದರೆ ಉತ್ಪ್ರೇಕ್ಷೆಯಲ್ಲ. ಅಲ್ಲಿ ಧವನ್‌ರ ಶಿಷ್ಯರಾಗಿ ಬೆಳೆದವರಲ್ಲಿ ಬೆಂಗಳೂರಿನವರೇ ಆದ ರೊದ್ದಂ ನರಸಿಂಹ ಒಬ್ಬರು. ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಆರ್.ಎಲ್. ನರಸಿಂಹಯ್ಯನವರ ಪುತ್ರರು ಇವರು ಎಂಬುದನ್ನು ಕನ್ನಡ ಓದುಗರಿಗೆ ನೆನಪಿಸುವುದು ಅಪ್ರಸ್ತುತವಾಗದು. ನರಸಿಂಹರೂ ಲೀಪ್‌ಮನ್‌ರ ಬಳಿಯೇ ಸಂಶೋಧನೆ ನಡೆಸಿ 1960ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿದರು. ಗಾಟಿಂಗೆನ್ ಮತ್ತು ಪಸಡೀನಾದ ಎರಡು ಗುರುಪರಂಪರೆಗಳು ಹೀಗೆ ಒಂದೇ ಊರಿನಲ್ಲಿ ಕೂಡಿದವು.

1959ರ ಜೂನ್ 1ರಂದು ದೆಹಲಿಯಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್.ಎ.ಎಲ್., ಮರುವರ್ಷವೇ ಬೆಂಗಳೂರಿಗೆ ಬಂದಿತು. ಪಿ. ನೀಲಕಂಠನ್ ಅದರ ಮೊದಲ ನಿರ್ದೇಶಕರು. ಈ ಪ್ರಯೋಗಾಲಯದ ಅತ್ಯಂತ ಮಹತ್ವಾಕಾಂಕ್ಷೆಯ ನಿರ್ಮಾಣವೆಂದರೆ 1967ರಲ್ಲಿ ಕಾರ್ಯಾರಂಭ ಮಾಡಿದ 1.2 ಮೀಟರ್ ಟ್ರೈಸಾನಿಕ್ ಗಾಳಿ ಸುರಂಗ. ಶಬ್ದಕ್ಕಿಂತ ಕಡಿಮೆ, ಶಬ್ದದ ಆಸುಪಾಸು, ಶಬ್ದಕ್ಕಿಂತ ಅಧಿಕ ಎಂಬ ಮೂರು ವಲಯಗಳನ್ನೂ ಒಳಗೊಂಡು, ಶಬ್ದವೇಗದ ಐದನೆಯ ಒಂದು ಭಾಗದಿಂದ ನಾಲ್ಕು ಪಟ್ಟಿನವರೆಗೆ ಗಾಳಿಯನ್ನು ಹರಿಸಬಲ್ಲುದಾದ್ದರಿಂದ ಅದಕ್ಕೆ ಆ ಹೆಸರು. ಮುರುಗೇಶಪಾಳ್ಯದಲ್ಲಿ ಆ ಆವರಣದ ಬದಿಯ ರಸ್ತೆಗೆ ಇಂದಿಗೂ ವಿಂಡ್ ಟನಲ್ ರಸ್ತೆ ಎಂದೇ ಹೆಸರು. ಅಲ್ಲಿ ದಿನವೂ ಓಡಾಡುವವರಲ್ಲಿ ಆ ಹೆಸರಿನ ಹಿನ್ನೆಲೆ ಬಲ್ಲವರು ಎಷ್ಟು ಮಂದಿಯೋ!

ಈ ಸುರಂಗದಲ್ಲಿ ಗಾಳಿ ಸದಾ ಬೀಸುವುದಿಲ್ಲ. ಕಂಪ್ರೆಸರುಗಳು ಬೃಹತ್ ತೊಟ್ಟಿಗಳಿಗೆ ಒಣಗಿಸಿದ ಗಾಳಿಯನ್ನು ಒತ್ತಿ ತುಂಬುತ್ತವೆ. ಕವಾಟ ತೆರೆದಾಗ ಆ ಗಾಳಿ 1.2 ಮೀಟರ್ ಚೌಕದ ಪರೀಕ್ಷಾ ಕೊಠಡಿಯ ಮೂಲಕ ನುಗ್ಗಿ ಹೊರಹೋಗುತ್ತದೆ. ಒಂದು ಪರೀಕ್ಷೆ ಮುಗಿಯಲು ಅರ್ಧ ನಿಮಿಷ ಸಾಕು. ಅಷ್ಟರಲ್ಲಿ ಹಿಂಬದಿಯ ಕಡ್ಡಿಯ ಮೇಲೆ ಕೂರಿಸಿದ ಮಾದರಿಯನ್ನು ಹಲವು ಕೋನಗಳಿಗೆ ವಾಲಿಸಿ, ಅದರ ಒಳಗಿರುವ ತಕ್ಕಡಿಯಿಂದ ಆರು ಬಗೆಯ ಅಳತೆಗಳನ್ನು, ಅಂದರೆ ಮೂರು ದಿಕ್ಕುಗಳ ಬಲ ಮತ್ತು ಮೂರು ಅಕ್ಷಗಳ ತಿರುಚುಬಲಗಳನ್ನು, ದಾಖಲಿಸಿಕೊಳ್ಳಬೇಕು. ತಕ್ಕಡಿಯೆಂದರೆ ಇಲ್ಲಿ ಬೆರಳುಗಾತ್ರದ ಉಕ್ಕಿನ ತುಂಡು. ಅದಕ್ಕೆ ಅಂಟಿಸಿದ ಸೂಕ್ಷ್ಮ ತಂತುಗಳು ಅದರ ಬಾಗುವಿಕೆಯನ್ನು ವಿದ್ಯುತ್ ಸಂಕೇತವಾಗಿಸುತ್ತವೆ. ಷ್ಲೀರೆನ್ ಎಂಬ ವಿಶೇಷ ಛಾಯಾಗ್ರಹಣದಿಂದ ಆಘಾತ ತರಂಗಗಳು ಕಪ್ಪು ಗೆರೆಗಳಾಗಿ ಕಣ್ಣಿಗೆ ಕಾಣುತ್ತವೆ. 44 ಮೀಟರ್ ಎತ್ತರದ ಪಿ.ಎಸ್.ಎಲ್.ವಿ. ಇಂಥ ಕೊಠಡಿಯಲ್ಲಿ ನಿಲ್ಲಬೇಕೆಂದರೆ ಕೈಯಲ್ಲಿ ಎತ್ತಬಹುದಾದಷ್ಟು ಕಿರಿದಾಗಬೇಕು. ಆದುದರಿಂದ ಮಾದರಿ ತಯಾರಿಸುವ ಕಮ್ಮಟದ ಕುಶಲಿಗನ ಕೈಯಲ್ಲಿ ಆಗುವ ಕೂದಲೆಳೆಯ ತಪ್ಪು ನಿಜವಾದ ವಾಹನದಲ್ಲಿ ಬೆರಳಗಲದ ತಪ್ಪಾಗುತ್ತದೆ. ಮಾದರಿ ಚಿಕ್ಕದಾದಂತೆ ಗಾಳಿಯ ಅಂಟುಗುಣದ ಪ್ರಭಾವವೂ ಬದಲಾಗುವುದರಿಂದ, ಸುರಂಗದ ಅಂಕಿಯನ್ನು ಹಾಗೆಯೇ ಹಾರಾಟಕ್ಕೆ ಅನ್ವಯಿಸಲಾಗದು. ತಿದ್ದುಪಡಿ ಬೇಕು, ಅನುಭವವೂ ಬೇಕು.

ಭಾರತದ ಮೊದಲ ಉಪಗ್ರಹ ಉಡಾವಣಾ ವಾಹನ ಎಸ್.ಎಲ್.ವಿ.-3ರ ಮಾದರಿಗಳು ಇದೇ ಸುರಂಗದಲ್ಲಿ ಪರೀಕ್ಷೆಗೊಂಡವು. 1972ರಿಂದ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಗಾಳಿ ಸುರಂಗದ ಮನುಷ್ಯರೇ ಆದ ಧವನ್ ಎಂಬುದು ಇಲ್ಲಿ ಗಮನಾರ್ಹ. 1979ರ ಆಗಸ್ಟ್ 10ರ ಮೊದಲ ಹಾರಾಟ ವಿಫಲವಾದುದು ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿದ ಕಾರಣದಿಂದ, ಹೊರರೂಪದ ದೋಷದಿಂದಲ್ಲ. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಎಸ್.ಎಲ್.ವಿ.-3 ಒಂದರ ಮೇಲೊಂದು ಹಂತ ಜೋಡಿಸಿದ ನೇರ ಕಡ್ಡಿಯಂಥ ವಾಹನ. ನಿಜವಾದ ಸವಾಲು ಅದರ ಮುಂದಿನ ಪೀಳಿಗೆಯಲ್ಲಿ ಕಾದಿತ್ತು.

ಎ.ಎಸ್.ಎಲ್.ವಿ. ಎಂದರೆ ಎಸ್.ಎಲ್.ವಿ.-3ರ ನಡುಕಾಂಡಕ್ಕೆ ಎರಡು ಪಕ್ಕದ ರಾಕೆಟ್ಟುಗಳನ್ನು ಕಟ್ಟಿ, ತುದಿಯಲ್ಲಿ ಕೆಳಗಿನ ಕಾಂಡಕ್ಕಿಂತ ಉಬ್ಬಿದ ಉಷ್ಣ ಕವಚವನ್ನು ತೊಡಿಸಿದ ವಾಹನ. 150 ಕಿಲೋಗ್ರಾಂ ತೂಕದ ಉಪಗ್ರಹವನ್ನು ಒಯ್ಯುವುದು ಅದರ ಗುರಿ. ಸ್ಥಿರತೆಯ ದೃಷ್ಟಿಯಿಂದ ನೋಡಿದರೆ ಈ ಎರಡೂ ಬದಲಾವಣೆಗಳು ತೊಡಕಿನವು. ಮುಂತುದಿ ಉಬ್ಬಿದಷ್ಟೂ ಒತ್ತಡ ಕೇಂದ್ರ ಮುಂದಕ್ಕೆ ಸರಿಯುತ್ತದೆ. ಬಾಲಂಗೋಚಿಯನ್ನು ತಲೆಗೆ ಕಟ್ಟಿದ ಪಟದಂತೆ. ಕವಚದ ಹಿಂದೆ ಕಾಂಡ ಸಣ್ಣದಾಗುವೆಡೆ ಗಾಳಿಯ ಹರಿವು ಮೈಬಿಟ್ಟು ಅದುರತೊಡಗುತ್ತದೆ. ಪಕ್ಕದ ರಾಕೆಟ್ಟುಗಳ ಆಘಾತ ತರಂಗಗಳು ನಡುಕಾಂಡಕ್ಕೆ ಬಡಿಯುತ್ತವೆ.

1987ರ ಮಾರ್ಚ್ 24ರ ಮೊದಲ ಎ.ಎಸ್.ಎಲ್.ವಿ. ವಿಫಲವಾಯಿತು, ಪಕ್ಕದ ರಾಕೆಟ್ಟುಗಳು ಉರಿದು ಮುಗಿದರೂ ನಡುಕಾಂಡದ ಮೊದಲ ಹಂತ ಹೊತ್ತಿಕೊಳ್ಳಲೇ ಇಲ್ಲ. 1988ರ ಜುಲೈ 13ರ ಎರಡನೆಯ ಹಾರಾಟದಲ್ಲಿ ಅದು ಹೊತ್ತಿಕೊಂಡಿತು. ಆದರೂ ವಾಹನ ಉಳಿಯಲಿಲ್ಲ. ಸುಮಾರು 50 ಸೆಕೆಂಡುಗಳ ಹೊತ್ತಿಗೆ, ಪಕ್ಕದ ರಾಕೆಟ್ಟುಗಳ ಬಲ ಇಳಿದು ನಡುಕಾಂಡದ ಬಲ ಇನ್ನೂ ಪೂರ್ತಿ ಏರದಿದ್ದ ಸಂಧಿಯಲ್ಲಿ ವಾಹನ ವಾಲಿತು. ನಿಯಂತ್ರಣ ವ್ಯವಸ್ಥೆಗೆ ಅದನ್ನು ತಿದ್ದುವಷ್ಟು ಶಕ್ತಿ ಇರಲಿಲ್ಲ. ಗಾಳಿಯ ಬಲಕ್ಕೆ ಸಿಕ್ಕಿ ಅದು ತುಂಡಾಯಿತು. ಗಾಳಿಯ ಒತ್ತಡ ಅತ್ಯಧಿಕವಾಗಿರುವ ಎತ್ತರದಲ್ಲೇ ಈ ಸಂಧಿ ಬಿದ್ದಿತ್ತು.

ಅಂದು ಸಂಸ್ಥೆಯ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನಲ್ಲಿ ಜನಿಸಿದ ಪ್ರೊ. ಯು.ಆರ್. ರಾವ್. ಎನ್.ಎ.ಎಲ್. ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಸತತ ಎರಡು ವೈಫಲ್ಯಗಳ ಬಳಿಕ ಪಿ.ಎಸ್.ಎಲ್.ವಿ.ಯಂಥ ದೊಡ್ಡ ಯೋಜನೆಯ ಬಗೆಗೂ ಸಂದೇಹ ಮೂಡುವುದು ಸಹಜವಾಗಿತ್ತು, ಏಕೆಂದರೆ ಅದಕ್ಕೆ ಆರು ಪಕ್ಕದ ರಾಕೆಟ್ಟುಗಳು, 2.8 ಮೀಟರ್ ವ್ಯಾಸದ ಕಾಂಡದ ಮೇಲೆ 3.2 ಮೀಟರ್ ವ್ಯಾಸದ ಕವಚ. ಎ.ಎಸ್.ಎಲ್.ವಿ.ಯ ದೋಷವನ್ನು ಬಿಡಿಸಿಕೊಳ್ಳದೆ ಮುಂದೆ ಹೋಗುವಂತಿರಲಿಲ್ಲ.

ಈ ಪ್ರಸಂಗವನ್ನು ನಿಯಂತ್ರಣ ವ್ಯವಸ್ಥೆಯ ವೈಫಲ್ಯವೆಂದು ವಿವರಿಸುವುದು ರೂಢಿ. ಅದು ಸರಿಯೇ. ಆದರೆ ಚರಿತ್ರೆಯ ದೃಷ್ಟಿಯಿಂದ ಈ ಲೇಖಕನಿಗೆ ಮುಖ್ಯವೆನಿಸುವ ಸಂಗತಿ ಬೇರೆ. ಗಾಳಿ ಸುರಂಗದಲ್ಲಿ ಮಾದರಿ ನಿಶ್ಚಲವಾಗಿ ನಿಂತಿರುತ್ತದೆ. ಒಂದು ನಿರ್ದಿಷ್ಟ ವೇಗ, ಒಂದು ನಿರ್ದಿಷ್ಟ ಕೋನಕ್ಕೆ ಅದು ಉತ್ತರ ಕೊಡುತ್ತದೆ. ಹಾರುವ ವಾಹನದಲ್ಲಾದರೋ ವೇಗ, ತೂಕ, ನೂಕುಬಲ, ಮೇಲುಗಾಳಿ ಎಲ್ಲವೂ ಏಕಕಾಲದಲ್ಲಿ ಬದಲಾಗುತ್ತಿರುತ್ತವೆ. ವಾಹನ ಎಷ್ಟು ಅಸ್ಥಿರವೆಂಬುದನ್ನು ಸುರಂಗ ಹೇಳಬಲ್ಲದು. ಆ ಅಸ್ಥಿರತೆಯನ್ನು ಯಾವ ಕ್ಷಣದಲ್ಲಿ ಯಾರು ಹಿಡಿದು ನಿಲ್ಲಿಸಬೇಕೆಂಬ ಪ್ರಶ್ನೆಯನ್ನು ವಿನ್ಯಾಸಕಾರರೇ ಕೇಳಿಕೊಳ್ಳಬೇಕು. 1988ರಲ್ಲಿ ಸೋತದ್ದು ಈ ಎರಡರ ನಡುವಿನ ಹೊಂದಾಣಿಕೆ.

ಪರಿಹಾರಗಳೂ ಈ ಮಾತನ್ನು ಸಮರ್ಥಿಸುತ್ತವೆ. ವಾಹನದ ಬುಡಕ್ಕೆ ರೆಕ್ಕೆಗಳನ್ನು ಜೋಡಿಸಿ ಅಸ್ಥಿರತೆಯನ್ನು ತಗ್ಗಿಸಲಾಯಿತು. ನಡುಕಾಂಡವನ್ನು ಗಡಿಯಾರದ ಲೆಕ್ಕಕ್ಕೆ ಹೊತ್ತಿಸುವ ಬದಲು, ಪಕ್ಕದ ರಾಕೆಟ್ಟುಗಳ ಬಲ ಇಳಿಯುವುದನ್ನು ಗ್ರಹಿಸಿ ಹೊತ್ತಿಸುವ ವ್ಯವಸ್ಥೆ ಬಂದಿತು. ಒಂದು ಬದಲಾವಣೆ ಗಾಳಿಗೆ ಸಂಬಂಧಿಸಿದ್ದು, ಇನ್ನೊಂದು ಕಾಲಕ್ಕೆ. 1992ರ ಮೇ 20ರಂದು ಮೂರನೆಯ ಎ.ಎಸ್.ಎಲ್.ವಿ. ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಕಕ್ಷೆ ಎಣಿಸಿದ್ದಕ್ಕಿಂತ ಕೆಳಗಿತ್ತಾದರೂ ವಾಹನ ಆ ಅಪಾಯದ ಸಂಧಿಯನ್ನು ದಾಟಿತ್ತು. 1993ರ ಸೆಪ್ಟೆಂಬರ್ 20ರ ಮೊದಲ ಪಿ.ಎಸ್.ಎಲ್.ವಿ. ವಿಫಲವಾದಾಗಲೂ ದೋಷ ಕಂಡುಬಂದದ್ದು ವಾತಾವರಣದ ದಟ್ಟ ಪದರಗಳನ್ನು ದಾಟಿದ ಬಳಿಕ, ಎರಡನೆಯ ಮತ್ತು ಮೂರನೆಯ ಹಂತಗಳು ಬೇರ್ಪಡುವ ಹೊತ್ತಿನಲ್ಲಿ. ಆರು ಪಕ್ಕದ ರಾಕೆಟ್ಟುಗಳ ಆ ತೊಡಕಿನ ರೂಪ ಗಾಳಿಯ ಪರೀಕ್ಷೆಯಲ್ಲಿ ಉತ್ತೀರ್ಣವಾಗಿತ್ತು. 1994ರ ಅಕ್ಟೋಬರ್ 15ರಂದು ಅದು ಪೂರ್ಣ ಯಶಸ್ಸು ಕಂಡಿತು. ಅದಕ್ಕೆ ಹಿಂದಿನ ವರ್ಷ, 1993ರಲ್ಲಿ, ಎನ್.ಎ.ಎಲ್.ನ ಹೆಸರಿನಲ್ಲಿದ್ದ ವೈಮಾನಿಕ ಎಂಬ ಅರ್ಥದ ಪದ ಹೋಗಿ ವ್ಯೋಮಯಾನವನ್ನೂ ಒಳಗೊಳ್ಳುವ ಏರೋಸ್ಪೇಸ್ ಎಂಬ ಪದ ಬಂದದ್ದು, ನಡೆದುಬಂದ ಕೆಲಸಕ್ಕೆ ತಡವಾಗಿ ದೊರೆತ ಹೆಸರೆನ್ನಬಹುದು.

ಮೇಲೇರುವ ವಾಹನಕ್ಕೆ ಗಾಳಿ ಅಡ್ಡಿ. ಮರಳಿ ಬರುವ ನೌಕೆಗೆ ಅದೇ ಆಸರೆ. ಇಲ್ಲಿ ರಾಗಿ ಕಣದ ಉದಾಹರಣೆ ಸಲ್ಲುತ್ತದೆ. ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗದಲ್ಲಿ ಬರುವ ನೌಕೆಯು ಕಾಳಿನಂತೆ ಗಾಳಿಯನ್ನು ಸೀಳಿ ಬಂದರೆ ದಟ್ಟ ಪದರಗಳಲ್ಲಿ ಉರಿದುಹೋಗುತ್ತದೆ. ಹೊಟ್ಟಿನಂತೆ ಎತ್ತರದಲ್ಲೇ ಗಾಳಿಗೆ ಸಿಕ್ಕಿ ನಿಧಾನಗೊಳ್ಳಬೇಕು. ಚೂಪು ಮೂತಿಗಿಂತ ಮೊಂಡು ಮೂತಿಯೇ ಲೇಸೆಂಬ, ಮೇಲುನೋಟಕ್ಕೆ ವಿಪರೀತವಾಗಿ ತೋರುವ ಈ ತತ್ತ್ವವನ್ನು ಅಮೆರಿಕದ ಎಚ್. ಜೂಲಿಯನ್ ಆಲೆನ್ 1950ರ ದಶಕದ ಆರಂಭದಲ್ಲಿ ಮಂಡಿಸಿದ್ದರು. ಮೊಂಡು ಮೂತಿಯ ಮುಂದೆ ಬೇರ್ಪಟ್ಟು ನಿಲ್ಲುವ ಆಘಾತ ತರಂಗವು ಶಾಖದ ಬಹುಪಾಲನ್ನು ಗಾಳಿಗೇ ಬಿಟ್ಟುಕೊಡುತ್ತದೆ. ಆದರೆ ಮೊಂಡು ರೂಪಕ್ಕೆ ತನ್ನದೇ ಕೇಡೊಂದಿದೆ: ಶಬ್ದವೇಗದ ಸಮೀಪಕ್ಕೆ ಇಳಿದಾಗ ಅದು ಉಯ್ಯಾಲೆಯಂತೆ ತೂಗಲು ತೊಡಗಿ, ತೂಗಾಟ ತಾನಾಗಿ ಹೆಚ್ಚುತ್ತ ಹೋಗಬಹುದು. ನಿಶ್ಚಲ ಮಾದರಿಯ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ; ಮಾದರಿಯನ್ನೇ ತೂಗಾಡಿಸಿ ಅಳೆಯಬೇಕಾಗುತ್ತದೆ. 1988ರ ಪಾಠ ಬೇರೊಂದು ರೂಪದಲ್ಲಿ ಇಲ್ಲಿ ಮತ್ತೆ ಎದುರಾಯಿತೆನ್ನಬಹುದು.

2007ರ ಜನವರಿ 10ರಂದು ಪಿ.ಎಸ್.ಎಲ್.ವಿ.-ಸಿ7ರಲ್ಲಿ ಹೋದ 550 ಕಿಲೋಗ್ರಾಂ ತೂಕದ ಎಸ್.ಆರ್.ಇ.-1 ನೌಕೆಯು 12 ದಿನಗಳ ಬಳಿಕ ಬಂಗಾಳ ಕೊಲ್ಲಿಯಲ್ಲಿ ಸುರಕ್ಷಿತವಾಗಿ ಇಳಿಯಿತು. ಗೋಳಾಕಾರದ ಮೂತಿ, ಶಂಕುವಿನ ಮೈ, ಹಿಂದೆ ಅಗಲಗೊಂಡ ಅಂಚು, ಇದು ಅದರ ರೂಪ. ಆ ಅಗಲವಾದ ಅಂಚು ಒತ್ತಡ ಕೇಂದ್ರವನ್ನು ಹಿಂದಕ್ಕೆಳೆದು ಬಾಲಂಗೋಚಿಯ ಕೆಲಸವನ್ನೇ ಮಾಡುತ್ತದೆ. 2014ರ ಡಿಸೆಂಬರ್ 18ರಂದು 3,775 ಕಿಲೋಗ್ರಾಂ ತೂಕದ ಸಿಬ್ಬಂದಿ ಕೋಶದ ಮಾದರಿ ಸುಮಾರು 126 ಕಿಲೋಮೀಟರ್ ಎತ್ತರದಿಂದ ಮರಳಿತು. ರೆಕ್ಕೆಯುಳ್ಳ ಆರ್.ಎಲ್.ವಿ. 2016ರ ಮೇ 23ರಂದು ಶಬ್ದದ ಐದು ಪಟ್ಟು ವೇಗದ ಪರೀಕ್ಷೆ ಮುಗಿಸಿತು. ಅದೇ ಮಾಲಿಕೆಯ ವಾಹನ 2023ರ ಏಪ್ರಿಲ್ 2ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ, ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಡುಗಡೆಗೊಂಡು, ತಾನೇ ದಾರಿ ಹಿಡಿದು ಓಡುಹಾದಿಗೆ ಇಳಿಯಿತು.

ಶಬ್ದದ ಐದು ಪಟ್ಟನ್ನು ಮೀರಿದ ವೇಗಕ್ಕೆ ಟ್ರೈಸಾನಿಕ್ ಸುರಂಗ ಸಾಲದು. ಆ ವಲಯದಲ್ಲಿ ವಿಜ್ಞಾನ ಸಂಸ್ಥೆಯು 1970ರ ದಶಕದಿಂದಲೇ ಆಘಾತ ಸುರಂಗಗಳನ್ನು ಬೆಳೆಸಿತ್ತು. ಪರದೆಯೊಂದು ಹರಿದಾಗ ಹುಟ್ಟುವ ಆಘಾತ ತರಂಗವು ಅನಿಲವನ್ನು ಕಾಯಿಸಿ ತಳ್ಳುತ್ತದೆ; ಪರೀಕ್ಷೆಯ ಅವಧಿ ಒಂದು ಮಿಲಿಸೆಕೆಂಡಿನ ಆಸುಪಾಸು. 2017ರಲ್ಲಿ ತಿರುವನಂತಪುರದ ವಿಕ್ರಂ ಸಾರಾಭಾಯಿ ಕೇಂದ್ರದಲ್ಲಿ ಶಬ್ದದ 12 ಪಟ್ಟು ವೇಗದವರೆಗಿನ ಒಂದು ಮೀಟರ್ ಸುರಂಗ ಆರಂಭವಾಯಿತು. ಉದ್ಘಾಟಿಸಿದ ಅಧ್ಯಕ್ಷರು ಹಾಸನ ಜಿಲ್ಲೆಯ ಎ.ಎಸ್. ಕಿರಣ್ ಕುಮಾರ್. ಸುರಂಗ ಸಮುಚ್ಚಯಕ್ಕೆ ಇಟ್ಟ ಹೆಸರು ಸತೀಶ್ ಧವನ್‌ರದು. 2022ರ ಡಿಸೆಂಬರ್ 8ರಂದು ಅಲ್ಲಿಯೇ 1.2 ಮೀಟರಿನ ಹೊಸ ಟ್ರೈಸಾನಿಕ್ ಸುರಂಗವೂ ಮೊದಲ ಬಾರಿ ಬೀಸಿತು. 1967ರಲ್ಲಿ ಬೆಂಗಳೂರು ಆರಿಸಿಕೊಂಡ ಅಳತೆಯನ್ನೇ 55 ವರ್ಷಗಳ ಬಳಿಕವೂ ಆರಿಸಿಕೊಂಡಿರುವುದು ಕುತೂಹಲದ ಸಂಗತಿ.

ಈ ಬೆಳವಣಿಗೆಯಿಂದಾಗಿ ಬೆಂಗಳೂರಿನ ಸುರಂಗಗಳ ಚರಿತ್ರೆಯನ್ನು ದಾಖಲಿಸುವ ಕೆಲಸ ತುರ್ತಿನದಾಗಿದೆ. ನಮ್ಮಲ್ಲಿ ಒಂದು ವೀರಗಲ್ಲಿನ ಪಾಠವನ್ನು ಶೋಧಿಸಲು ತೋರುವ ಶ್ರದ್ಧೆಯನ್ನು ಪ್ರಯೋಗಾಲಯದ ದಿನಚರಿ ಪುಸ್ತಕಗಳಿಗೆ ತೋರಿದವರು ವಿರಳ. ಯಾವ ದಿನ ಯಾವ ಮಾದರಿಗೆ ಎಷ್ಟು ಬಾರಿ ಗಾಳಿ ಬಿಡಲಾಯಿತು, ಯಾವ ಅಂಕಿ ಅನುಮಾನಾಸ್ಪದವೆಂದು ಕೈಬಿಡಲಾಯಿತು, ಮಾದರಿಯನ್ನು ಕಡೆದವರು ಯಾರು, ಇವು ನಿರ್ದೇಶಕರ ವರದಿಗಳಲ್ಲಿ ಸಿಗುವ ವಿಷಯಗಳಲ್ಲ. ಕಮ್ಮಟಗಳಲ್ಲಿ ದುಡಿದು ನಿವೃತ್ತರಾದವರ ಮಾತುಗಳಲ್ಲಿ, ಅದೂ ಬಹುಮಟ್ಟಿಗೆ ಕನ್ನಡದಲ್ಲಿ, ಇರುವ ವಿಷಯಗಳು.

2023ರ ಅಕ್ಟೋಬರ್ 21ರಂದು ಶ್ರೀಹರಿಕೋಟದಲ್ಲಿ ಗಗನಯಾನದ ಪಾರುಗಾಣಿಕೆ ವ್ಯವಸ್ಥೆಯ ಮೊದಲ ಹಾರಾಟ ಪರೀಕ್ಷೆ ನಡೆಯಿತು. ಏರುತ್ತಿರುವ ರಾಕೆಟ್ಟಿನಲ್ಲಿ ಅಪಾಯ ಸಂಭವಿಸಿದರೆ ಸಿಬ್ಬಂದಿಯ ಕೋಶವನ್ನು ಕಿತ್ತೆಳೆದು ದೂರ ಒಯ್ಯುವುದು ಈ ವ್ಯವಸ್ಥೆಯ ಕೆಲಸ. ಪರೀಕ್ಷೆಗೆ ಆರಿಸಿಕೊಂಡ ವೇಗ ಶಬ್ದದ 1.2 ಪಟ್ಟು, ಎತ್ತರ ಸುಮಾರು 12 ಕಿಲೋಮೀಟರ್. ಅಂದರೆ ಗಾಳಿ ಅತ್ಯಂತ ಕಠಿಣವಾಗಿ ವರ್ತಿಸುವ ವಲಯವೇ. ಪಾರುಗಾಣಿಕೆ ವಾಹನದ ಹಿಂಬದಿಗೆ ನಾಲ್ಕು ಜಾಲರಿ ರೆಕ್ಕೆಗಳನ್ನು ಜೋಡಿಸಲಾಗಿತ್ತು. ಬೇರ್ಪಟ್ಟ ವಾಹನ ನೇರವಾಗಿ ಏರಿ, ಸುಮಾರು 17 ಕಿಲೋಮೀಟರ್ ಎತ್ತರದಲ್ಲಿ ಕೋಶವನ್ನು ಬಿಟ್ಟುಕೊಟ್ಟಿತು. ಪ್ಯಾರಾಚೂಟುಗಳು ಬಿಚ್ಚಿಕೊಂಡು, ತೀರದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ ಕೋಶ ಸಮುದ್ರಕ್ಕಿಳಿಯಿತು. ಆ ಹಾರಾಟದಲ್ಲಿ ಕೋಶ ಬರಿದಾಗಿತ್ತು.